ಇಂಟೆಲ್ಲೋ ಎಎಂಡಿಯೋ: ಇನ್ವರ್ಟರ್ ಮೇಲೆ ನಡೆಯುವ ಮನೆಯ ಲೆಕ್ಕ

ಶಿವಮೊಗ್ಗದಲ್ಲಿ ಹೊಸ ಕಂಪ್ಯೂಟರ್ ಜೋಡಿಸಬೇಕೆಂದು ನಾಲ್ಕು ಜನ ಕೂತರೆ ಮಾತು ಬೇಗನೆ, ಪ್ರೊಸೆಸರ್ ತಯಾರಿಸುವ ಎರಡು ಕಂಪನಿಗಳ ಹೆಸರಿನಲ್ಲಿ, ಇಂಟೆಲ್ ಪಕ್ಷ, ಎಎಂಡಿ ಪಕ್ಷ ಎಂದು ಒಡೆಯುತ್ತದೆ. ಎರಡೂ ಕಡೆಯವರು ತೋರಿಸುವುದು ಯೂಟ್ಯೂಬ್ ಗ್ರಾಫ್‌ಗಳನ್ನೇ. ಅವೆಲ್ಲ ಕರೆಂಟು ಹೋಗದ, ಗಾಳಿ ಒಣಗಿರುವ ಕೋಣೆಗಳಲ್ಲಿ ತಯಾರಾದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ತುಂಡಾದರೆ, ಲೈನ್‌ಮನ್‌ಗಳು ಆ ಮಳೆಯಲ್ಲೇ ಕಾಡು ಹೊಕ್ಕು ಸರಿಮಾಡುವವರೆಗೆ ಮನೆ ನಡೆಯುವುದು ಇನ್ವರ್ಟರ್ ಮೇಲೆ. ಶರಾವತಿಯ ನೀರು 1035 ಮೆಗಾವ್ಯಾಟ್‌ನ ವಿದ್ಯುದಾಗಾರ ನಡೆಸುವ ಸೀಮೆಯಲ್ಲೇ ಈ ಪರಿಸ್ಥಿತಿ. ಹಾಗಾಗಿ ಇಲ್ಲಿ ಮೊದಲು ಕೇಳಬೇಕಾದದ್ದು ಗೇಮಿನಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಎಂದಲ್ಲ. ಪ್ರೊಸೆಸರ್ ಸುಮ್ಮನಿದ್ದಾಗ ಎಷ್ಟು ವ್ಯಾಟ್ ಎಳೆಯುತ್ತದೆ, ಕೆಲಸ ಬಿದ್ದಾಗ ಎಷ್ಟಕ್ಕೆ ಏರುತ್ತದೆ, ಅದು ಕೂರುವ ಬೋರ್ಡಿನ ಸಾಕೆಟ್ ಎಷ್ಟು ವರ್ಷ ಬಾಳುತ್ತದೆ ಎಂದು.

ಸುಮ್ಮನಿದ್ದಾಗಿನ ಲೆಕ್ಕವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಡೆಸ್ಕ್‌ಟಾಪ್ ಚಿಪ್‌ಗಳಾದ ಎಎಂಡಿಯ ರೈಝನ್ 7600, 7700, 9600ಎಕ್ಸ್, 9700ಎಕ್ಸ್ ಎಲ್ಲವೂ ಚಿಪ್ಲೆಟ್ ವಿನ್ಯಾಸದವು: ಕೋರ್‌ಗಳು ಒಂದು ತುಂಡಿನಲ್ಲಿ, ಮೆಮೊರಿ ಮತ್ತು ಪಿಸಿಐ ನಿಯಂತ್ರಣ 6 ನ್ಯಾನೋಮೀಟರ್‌ನ ಇನ್ನೊಂದು ತುಂಡಿನಲ್ಲಿ. ಎರಡರ ನಡುವಿನ ಕೊಂಡಿ ಸದಾ ಎಚ್ಚರವಾಗಿರುವುದರಿಂದ ಏನೂ ಮಾಡದಿದ್ದರೂ ಪ್ರೊಸೆಸರ್ ಒಂದೇ 20ರಿಂದ 30 ವ್ಯಾಟ್ ತಿನ್ನುತ್ತದೆ. ಒಂದೇ ತುಂಡಿನ ಇಂಟೆಲ್ ಐ5 12400 ಅದೇ ಹೊತ್ತಿನಲ್ಲಿ 10 ವ್ಯಾಟ್‌ಗಿಂತ ಕೆಳಗಿರಬಲ್ಲದು. ಎಎಂಡಿಯಲ್ಲೇ ಬೇಕೆಂದರೆ ಲ್ಯಾಪ್‌ಟಾಪ್ ಚಿಪ್‌ನಿಂದ ಬಂದ, ಒಂದೇ ತುಂಡಿನ 8500ಜಿ, 8600ಜಿ ಇವೆ. ಅವೂ ಹೆಚ್ಚುಕಡಿಮೆ ಇಂಟೆಲ್ ಮಟ್ಟಕ್ಕೇ ಇಳಿಯುತ್ತವೆ.

ಇದು ಬ್ಯಾಟರಿಯ ಮೇಲೆ ಏನಾಗುತ್ತದೆ ನೋಡಿ. 12 ವೋಲ್ಟ್, 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿ ಕಾಗದದ ಮೇಲೆ 1800 ವ್ಯಾಟ್-ಅವರ್. ಪೂರ್ತಿ ಬರಿದು ಮಾಡದೆ, ಇನ್ವರ್ಟರ್‌ನ ನಷ್ಟ ಕಳೆದು, ನೆಚ್ಚಿಕೊಳ್ಳಬಹುದಾದದ್ದು ಸುಮಾರು 1000. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ, 25 ವ್ಯಾಟ್‌ನ ಮಾನಿಟರ್, ಟೈಪಿಂಗ್ ಮತ್ತು ಬ್ರೌಸರ್ ಕೆಲಸ ಎಂದುಕೊಂಡರೆ 12400ರ ಒಟ್ಟು ಹೊರೆ ಸುಮಾರು 50 ವ್ಯಾಟ್, ರೈಝನ್ 7600ರದ್ದು ಸುಮಾರು 70. ಬೇರೇನೂ ಓಡದಿದ್ದರೆ ಮೊದಲನೆಯದು 20 ಗಂಟೆ, ಎರಡನೆಯದು 14 ಗಂಟೆ. ಫ್ಯಾನು, ದೀಪ, ಫೈಬರ್ ಮೋಡೆಮ್ ಸೇರಿದರೆ ಎರಡೂ ಕುಗ್ಗುತ್ತವೆ, ಆದರೆ ಅಂತರ ಉಳಿದೇ ಇರುತ್ತದೆ. ಅಡಿಕೆ ವ್ಯಾಪಾರದ ಲೆಕ್ಕಪತ್ರ, ಸೊಸೈಟಿ ಕೆಲಸ, ನುಡಿಯಲ್ಲಿ ಡಿಟಿಪಿ ಮಾಡುವವರಿಗೆ ಈ ಕಾರಣಕ್ಕೇ ನಾನು ಇವತ್ತಿಗೂ 12400 ಅಥವಾ 8500ಜಿ ಎನ್ನುವುದು.

ಗರಿಷ್ಠದ ಲೆಕ್ಕ ತದ್ವಿರುದ್ಧ. ಐ9 14900ಕೆ ಇಂಟೆಲ್‌ನ ಮಿತಿಯೊಳಗೇ 253 ವ್ಯಾಟ್‌ಗೆ ಏರುತ್ತದೆ, 14600ಕೆ 181ಕ್ಕೆ. 65 ವ್ಯಾಟ್ ಎಂದು ಬರೆದ ರೈಝನ್ ನಿಜದಲ್ಲಿ 88 ವ್ಯಾಟ್‌ವರೆಗೆ ಹೋಗುತ್ತದೆ, 105 ಎಂದದ್ದು 142ಕ್ಕೆ, 170 ಎಂದದ್ದು 230ಕ್ಕೆ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೆ. 14900ಕೆ ರೆಂಡರ್ ಮಾಡುತ್ತಿರುವಾಗ ಕರೆಂಟು ಹೋದರೆ, ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡೂ ಇದ್ದರೆ, ಆ ಯುಪಿಎಸ್ ಒಂದು ಕ್ಷಣವೂ ತಡೆಯದೆ ಟ್ರಿಪ್ ಆಗುತ್ತದೆ. ಬ್ಯಾಟರಿ ಹಳೆಯದಾಯಿತೆಂದು ಜನ ಬೈಯುತ್ತಾರೆ. ತಪ್ಪು ಬ್ಯಾಟರಿಯದ್ದಲ್ಲ, ಹೊರೆಯದ್ದು.

ಪರಿಹಾರ ಬಯಾಸ್‌ನಲ್ಲೇ, ಅಂದರೆ ಯಂತ್ರ ಶುರುವಾಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲೇ ಇದೆ. ರೈಝನ್‌ನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಮೆನುಗೆ ಹೋಗಿ ಇಕೋ ಮೋಡ್ 65 ವ್ಯಾಟ್ ಆರಿಸಿ, ಇಲ್ಲವೇ ಪಿಪಿಟಿ (ಚಿಪ್ ಎಳೆಯಬಹುದಾದ ಗರಿಷ್ಠ ವ್ಯಾಟ್) ಮಿತಿಯನ್ನು 88 ಎಂದು ಕೈಯಾರೆ ಬರೆಯಿರಿ. ಇಂಟೆಲ್‌ನಲ್ಲಿ ಮೊದಲು ‘ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ಸ್’ ಆರಿಸಿ, ಆಮೇಲೆ ದೀರ್ಘ ಮತ್ತು ಅಲ್ಪ ಹೊತ್ತಿನ ವ್ಯಾಟ್ ಮಿತಿಗಳಾದ ಪಿಎಲ್1, ಪಿಎಲ್2 ಎರಡನ್ನೂ 125ಕ್ಕೆ ನಿಲ್ಲಿಸಿ. ದೊಡ್ಡ ಚಿಪ್‌ಗಳು ಕೊನೆಯ ಕೆಲವು ಶೇಕಡಾ ವೇಗಕ್ಕಾಗಿ ವಿಪರೀತ ಕರೆಂಟು ಸುಡುತ್ತವೆ. ಅದನ್ನು ಕತ್ತರಿಸಿದರೆ ಕಳೆದುಕೊಳ್ಳುವ ವೇಗ ಕಡಿಮೆ, ಉಳಿಯುವ ವ್ಯಾಟ್ ಹೆಚ್ಚು. ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶ ತೆರೆದು ಪ್ಯಾಕೇಜ್ ಪವರ್ ಸಾಲು ನೋಡಿದರೆ ಮಿತಿ ಹಿಡಿದಿದೆಯೋ ಇಲ್ಲವೋ ತಿಳಿಯುತ್ತದೆ.

ಈ ಮಿತಿಗಳು ತಾವಾಗಿಯೇ ಅಳಿಸಿಹೋಗುವುದುಂಟು. ಗುಡುಗಿನ ಭಯಕ್ಕೆ ನಮ್ಮ ಕಡೆ ರಾತ್ರಿ ಪ್ಲಗ್ಗನ್ನೇ ಕಿತ್ತಿಡುತ್ತಾರೆ. ಕಿತ್ತಿಡಬೇಕಾದದ್ದೇ. ಆದರೆ ಪ್ಲಗ್ ಇದ್ದಾಗ ಬೋರ್ಡಿನ ಗಡಿಯಾರ ಸ್ಟ್ಯಾಂಡ್‌ಬೈ ಕರೆಂಟಿನಲ್ಲಿ ನಡೆಯುತ್ತದೆ, ಕಿತ್ತರೆ ಸಿಆರ್2032 ಸೆಲ್ ಮೇಲೆ. ಸೆಲ್ ಬೇಗ ಸೋಲುತ್ತದೆ. ದಿನಾಂಕ ಹಿಂದಕ್ಕೆ ಹೋಗಿ ವೆಬ್‌ಸೈಟ್‌ಗಳೆಲ್ಲ ಸುರಕ್ಷಿತವಲ್ಲ ಎಂದು ಹೇಳತೊಡಗಿದರೆ ವೈರಸ್ ಎಂದು ಹೆದರಬೇಡಿ, ಸೆಲ್ ಬದಲಿಸಿ. 3 ವೋಲ್ಟ್ ಇರಬೇಕಾದದ್ದು ಮೀಟರ್‌ನಲ್ಲಿ 2.7ಕ್ಕೆ ಇಳಿದಿದ್ದರೆ ಅದರ ಕಾಲ ಮುಗಿಯಿತು. ಬೋರ್ಡನ್ನು ಅವಲಂಬಿಸಿ ವ್ಯಾಟ್ ಮಿತಿ, ಮೆಮೊರಿಯನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಸೆಟ್ಟಿಂಗ್ ಕೂಡ ಹೋಗಿರಬಹುದು, ಮತ್ತೆ ಹಾಕಿ.

ಇನ್ವರ್ಟರ್‌ನ ಹಿಂದಿರುವ ಸ್ವಿಚ್ಚನ್ನೂ ನೋಡಬೇಕು. ಯುಪಿಎಸ್ ಮೋಡ್‌ನಲ್ಲಿ ಮೇನ್ಸ್‌ನಿಂದ ಬ್ಯಾಟರಿಗೆ ಬದಲಾಗಲು ಸುಮಾರು 10 ಮಿಲಿಸೆಕೆಂಡ್, ನಾರ್ಮಲ್ ಮೋಡ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಒಳ್ಳೆಯ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ ತಡೆದುಕೊಳ್ಳುವುದು 16 ಮಿಲಿಸೆಕೆಂಡ್ ಆಸುಪಾಸು. ಹಾಗಾಗಿ ಕಂಪ್ಯೂಟರಿಗೆ ಯುಪಿಎಸ್ ಮೋಡ್ ಬೇಕೇಬೇಕು. ತೊಂದರೆ ಎಂದರೆ ಆ ಮೋಡ್ ಸುಮಾರು 180 ವೋಲ್ಟ್‌ಗಿಂತ ಕೆಳಗೆ ಮೇನ್ಸ್ ಒಪ್ಪುವುದಿಲ್ಲ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿಗೆ ಲೈನಿನ ಕೊನೆಯ ಮನೆಗಳಲ್ಲಿ 170 ಇದ್ದರೆ, ಕರೆಂಟು ಇದ್ದೂ ಇನ್ವರ್ಟರ್ ಬ್ಯಾಟರಿಗೇ ಅಂಟಿಕೊಳ್ಳುತ್ತದೆ, ಚಾರ್ಜೂ ಆಗುವುದಿಲ್ಲ. ಅಂಥಲ್ಲಿ ಇನ್ವರ್ಟರ್‌ಗೆ ಮೊದಲು ಸ್ಟೆಬಿಲೈಸರ್ ಹಾಕಬೇಕು. ಪವರ್ ಸಪ್ಲೈ ಕೊಳ್ಳುವಾಗ ಲೇಬಲ್ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ. ಅಗ್ಗದವು 200–240 ಎಂದಿರುತ್ತವೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ಸರ್ಕಿಟ್) ಇರುವ ಪವರ್ ಸಪ್ಲೈ ಸರಿಹೊಂದದೆ ಗುಂಯ್‌ಗುಡಬಹುದು, ಇಲ್ಲವೇ ಬದಲಾವಣೆಯ ಹೊತ್ತಿಗೆ ಆಫ್ ಆಗಬಹುದು. ಪ್ಯೂರ್ ಸೈನ್ ವೇವ್ ಇನ್ವರ್ಟರ್‌ಗೆ ಹಾಕಿದ ಹಣ ಪ್ರೊಸೆಸರ್‌ನ ಒಂದು ದರ್ಜೆ ಮೇಲೇರಲು ಹಾಕಿದ ಹಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಎಂಡಿಯ ಎಎಂ5 ಸಾಕೆಟ್‌ನ ಬೋರ್ಡ್ ತಂದವರು ಮೊದಲ ದಿನ ಬೆಚ್ಚಿಬೀಳುವುದು ಕಪ್ಪು ಪರದೆ ಕಂಡು. ಡಿಡಿಆರ್5 ಮೆಮೊರಿಯನ್ನು ಬೋರ್ಡ್ ಮೊದಲ ಸಲ ಹೊಂದಿಸಿಕೊಳ್ಳಲು ಹಲವು ನಿಮಿಷ ಹಿಡಿಯುತ್ತದೆ. ನಡುವೆ ರೀಸೆಟ್ ಒತ್ತಿದರೆ ಮತ್ತೆ ಮೊದಲಿಂದ. ಕರೆಂಟು ಹೋದರೂ ಅಷ್ಟೇ, ಏನೂ ಕೆಡುವುದಿಲ್ಲ. ಬಯಾಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆನ್ ಮಾಡಿದರೆ ಮುಂದಿನ ಬೂಟ್‌ಗಳು ಚುರುಕಾಗುತ್ತವೆ. ಎರಡು ಸ್ಟಿಕ್ ಮಾತ್ರ ಹಾಕಿ, 6000 ವೇಗ ಸಾಕು. ನಾಲ್ಕು ಸ್ಟಿಕ್ ತುಂಬಿದರೆ ವೇಗ ಬಹಳ ಕೆಳಗಿಳಿಯುತ್ತದೆ.

ಬಾಳಿಕೆಯ ವಿಷಯದಲ್ಲಿ ಎರಡೂ ಕಂಪನಿಗಳ ಮೇಲೆ ಕಲೆಯಿದೆ, ಆದರೆ ಸಮನಾಗಿಲ್ಲ. 2023ರ ಏಪ್ರಿಲ್‌ನಲ್ಲಿ ಕೆಲವು ರೈಝನ್ 7000 ಎಕ್ಸ್3ಡಿ ಚಿಪ್‌ಗಳು ಎಸ್‌ಒಸಿ ವೋಲ್ಟೇಜ್ (ಚಿಪ್‌ನ ಮೆಮೊರಿ ನಿಯಂತ್ರಣ ಭಾಗದ ವೋಲ್ಟೇಜ್) ಅತಿಯಾಗಿ ಸುಟ್ಟವು. ಬಯಾಸ್ ಅಪ್‌ಡೇಟ್ ಮೂಲಕ ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಲಾಯಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯದ್ದು ಹೆಚ್ಚು ವ್ಯಾಪಕ. ಚಿಪ್ ಕೇಳುತ್ತಿದ್ದ ವೋಲ್ಟೇಜೇ ಅತಿಯಾಗಿ, ಕೋರ್‌ನೊಳಗಿನ ಗಡಿಯಾರ ಸರ್ಕಿಟ್ ಸವೆಯುತ್ತಿತ್ತು. 2024ರ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಮೈಕ್ರೋಕೋಡ್ (ಚಿಪ್‌ನ ಒಳ ತಂತ್ರಾಂಶದ ತಿದ್ದುಪಡಿ) ಬಂತು, ಬಾಕ್ಸ್ ಚಿಪ್‌ಗಳ ವಾರಂಟಿ 3 ವರ್ಷದಿಂದ 5ಕ್ಕೆ ಏರಿತು. ಮೈಕ್ರೋಕೋಡ್ ಮುಂದಿನ ಸವೆತ ತಡೆಯುತ್ತದೆ, ಆಗಿಹೋದದ್ದನ್ನು ಸರಿಮಾಡುವುದಿಲ್ಲ. ಹೀಗಾಗಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಳಸಿದ 13600ಕೆ ಅಥವಾ ಅದರ ಮೇಲಿನ ಚಿಪ್ ತರಬೇಡಿ. ಈಗಾಗಲೇ ಇದ್ದರೆ ದೊಡ್ಡ ಜಿಪ್ ಕಡತವೊಂದನ್ನು ಹತ್ತಾರು ಸಲ ಬಿಚ್ಚಿ ನೋಡಿ: ಸಿಆರ್‌ಸಿ (ಕಡತ ಕೆಟ್ಟಿದೆ ಎನ್ನುವ) ದೋಷ, ಇನ್‌ಸ್ಟಾಲರ್ ನಡುವೆ ನಿಲ್ಲುವುದು, ಗೇಮ್ ಶುರುವಾಗುವಾಗ ‘ಔಟ್ ಆಫ್ ವಿಡಿಯೋ ಮೆಮೊರಿ’ ಎನ್ನುವುದು ಇದರ ಲಕ್ಷಣಗಳು. ಮೆಮೊರಿಯನ್ನು ಮೂಲ ವೇಗಕ್ಕೆ ಇಳಿಸಿ ಮತ್ತೆ ನೋಡಿ, ಆಗಲೂ ಉಳಿದರೆ ಚಿಪ್ಪೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಟ್ರೇ ಚಿಪ್ ಆದರೆ ಹೊಣೆ ಮಾರಿದವನದ್ದು, ಬಿಲ್ ಇಟ್ಟುಕೊಳ್ಳಿ.

ಮದುವೆ ವಿಡಿಯೋ ಮಾಡುವ ಸ್ಟುಡಿಯೋಗಳಿಗೆ ಮಾತ್ರ ನನ್ನ ಉತ್ತರ ನೇರ: ಇಂಟೆಲ್. ಈಗಿನ ಕ್ಯಾಮೆರಾಗಳ 10 ಬಿಟ್ 4:2:2 ಎಚ್‌ಇವಿಸಿ (ಬಣ್ಣದ ವಿವರ ಹೆಚ್ಚಿರುವ, ಒತ್ತಿ ಕಿರಿದಾಗಿಸಿದ) ವಿಡಿಯೋ ಕಡತಗಳನ್ನು ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಹಾರ್ಡ್‌ವೇರಿನಲ್ಲೇ ಬಿಚ್ಚುತ್ತದೆ. ರೈಝನ್‌ನ ಒಳಗಿನ ಗ್ರಾಫಿಕ್ಸ್‌ಗೆ ಅದಿಲ್ಲ. ಎನ್ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಇದ್ದರೆ ಕೊರತೆ ತುಂಬುತ್ತದೆ. 12400ರ ಯುಎಚ್‌ಡಿ 730ರಲ್ಲಿ ಮೀಡಿಯಾ ಎಂಜಿನ್ ಒಂದು, 12500ರ ಯುಎಚ್‌ಡಿ 770ರಲ್ಲಿ ಎರಡು. ಹೆಸರಿನ ಕೊನೆಗೆ ‘ಎಫ್’ ಇರುವ ಚಿಪ್‌ಗಳಲ್ಲಿ ಗ್ರಾಫಿಕ್ಸೇ ಇಲ್ಲ, ಸಾವಿರವೋ ಎರಡು ಸಾವಿರವೋ ಉಳಿಸಲು ಹೋಗಿ ಸ್ಟುಡಿಯೋದವರು ಅದನ್ನು ಕೊಳ್ಳಬಾರದು. ಗೇಮ್ ಒಂದೇ ಗುರಿಯಾದರೆ 96 ಎಂಬಿ ಎಲ್3 ಕ್ಯಾಶ್‌ನ (ಚಿಪ್‌ನೊಳಗಿನ ವೇಗದ ಮೆಮೊರಿ) ರೈಝನ್ 9800ಎಕ್ಸ್3ಡಿ. 2024ರ ನವೆಂಬರ್‌ನಲ್ಲಿ ಬಂದಾಗ ಇಂಟೆಲ್‌ನ ಕೋರ್ ಅಲ್ಟ್ರಾ 200ಎಸ್ ಅದರ ಹತ್ತಿರವೂ ಬರಲಿಲ್ಲ.

ತೇವದ ಮಾತು ಚಿಕ್ಕದು. ನೀರಾವಿ ಒಂದೇ ಬೋರ್ಡನ್ನು ಸುಲಭಕ್ಕೆ ಕೊಲ್ಲುವುದಿಲ್ಲ. ಧೂಳು, ಬಚ್ಚಲೊಲೆಯ ಮಸಿ, ಅಡಿಕೆ ಬೇಯಿಸುವ ಕಾಲದ ಹೊಗೆ ಮೊದಲು ಕೂತು, ಆಮೇಲೆ ಆಷಾಢದ ತೇವ ಹೀರಿದಾಗ ಕರೆಂಟು ಹರಿಯಬಾರದ ಕಡೆ ಹರಿಯುತ್ತದೆ. ಮಳೆಗೆ ಮೊದಲು, ಮೇ ಮುಗಿಯುವುದರೊಳಗೆ ಬ್ಲೋವರ್ ಹಿಡಿದು ಒಳಗೆಲ್ಲ ಚೊಕ್ಕ ಮಾಡಿ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ, ಆ ಬಿಸಿಯೇ ಒಳಗನ್ನು ಒಣಗಿಸುತ್ತದೆ. ಮೆಮೊರಿಯ ಚಿನ್ನದ ಬಣ್ಣದ ಅಂಚು ಮಂಕಾದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಈಗ ಎರಡೂ ಕಂಪನಿಯ ಪಿನ್‌ಗಳು ಸಾಕೆಟ್‌ನಲ್ಲೇ ಇರುವುದರಿಂದ, ಚಿಪ್ ತೆಗೆದಿಟ್ಟ ಬೋರ್ಡಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕದೆ ಬಿಡಬೇಡಿ. ಏಪ್ರಿಲ್‌ನ ಸಿಡಿಲಿಗೆ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್‌ನಲ್ಲಿ ಸಿಡಿಲು ಹರಿಯದು, ಆದರೆ ಮೋಡೆಮ್‌ನ ಅಡಾಪ್ಟರ್ ಹಾದು ಲ್ಯಾನ್ ತಂತಿಯಲ್ಲಿ ಬರುತ್ತದೆ.

ಮುಂದಿನ ಪೀಳಿಗೆಗೆ ಕಾಯಬೇಕೇ? ಎಎಂಡಿಯ ಮುಂದಿನ ಕೋರ್ ವಿನ್ಯಾಸ ಝೆನ್ 6, ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 2 ನ್ಯಾನೋಮೀಟರ್ ತಂತ್ರಕ್ಕೆ ಹೋಗುತ್ತಿದೆ, ಅದರ ಸರ್ವರ್ ಚಿಪ್ ವೆನಿಸ್. ಇಂಟೆಲ್ ತನ್ನದೇ 18ಎ ತಂತ್ರದಲ್ಲಿ ಪ್ಯಾಂಥರ್ ಲೇಕ್ ಲ್ಯಾಪ್‌ಟಾಪ್ ಚಿಪ್ ತಂದಿದೆ, ಡೆಸ್ಕ್‌ಟಾಪಿನ ನೋವಾ ಲೇಕ್ 2026ರ ಕೊನೆಗೆ ಎಂದಿದೆ. ಎರಡೂ ದೊಡ್ಡ ಹೆಜ್ಜೆಗಳೇ. ಆದರೆ ಎಐ ಸರ್ವರ್‌ಗಳ ಬೇಡಿಕೆಯಿಂದ 2025ರ ಕೊನೆಯಿಂದ ಮೆಮೊರಿ ಬೆಲೆ ಏರಿ ಕೂತಿದೆ, ಕಾದವರಿಗೆ ಅಗ್ಗವಾಗುತ್ತದೆಂಬ ನೆಚ್ಚಿಕೆ ಇಲ್ಲ. ಡಿಡಿಆರ್4 ಸ್ಟಿಕ್‌ಗಳು ಕೈಯಲ್ಲಿದ್ದರೆ ಡಿಡಿಆರ್4 ಬೋರ್ಡಿನ 12400ಕ್ಕೆ ಅವನ್ನೇ ಹಾಕಿ. ಹೊಸದಾಗಿ ಕಟ್ಟುವವರು, ಬ್ಯಾಟರಿ ತಾಳುತ್ತದೆಂದಾದರೆ, ಎಎಂ5 ಹಿಡಿಯಿರಿ: 2022ರಲ್ಲಿ ಬಂದ ಆ ಸಾಕೆಟ್‌ಗೆ 2027 ಮತ್ತು ಅದರಾಚೆಗೂ ಬೆಂಬಲವೆಂದು ಎಎಂಡಿ ಹೇಳಿದೆ. ಅದರ ಹಿಂದಿನ ಸಾಕೆಟ್ ಎಎಂ4ರ 2017ರ ಬೋರ್ಡುಗಳಲ್ಲಿ 2022ರ 5800ಎಕ್ಸ್3ಡಿ ಪ್ರೊಸೆಸರ್ ಕೂತದ್ದನ್ನು ನೋಡಿದ ಮೇಲೆ ಆ ಮಾತನ್ನು ನಂಬಬಹುದು. ಎಲ್‌ಜಿಎ1851ಕ್ಕೆ, ಅಂದರೆ ಕೋರ್ ಅಲ್ಟ್ರಾ 200ಎಸ್ ಕೂರುವ ಸಾಕೆಟ್‌ಗೆ, ಇಂಟೆಲ್ ಅಂಥ ವರ್ಷ ಹೆಸರಿಸಿಲ್ಲ.

ಬೋರ್ಡ್ ಆರಿಸುವಾಗ ಬಯಾಸ್ ಚಿಪ್ ಕನಿಷ್ಠ 32 ಎಂಬಿ ಇರಲಿ. ಎಎಂ4 ಕಾಲದಲ್ಲಿ 16 ಎಂಬಿಯಲ್ಲಿ ಜಾಗ ಸಾಲದೆ ಹಳೆಯ ಚಿಪ್‌ಗಳ ಬೆಂಬಲವನ್ನೇ ಕಿತ್ತುಹಾಕಬೇಕಾಯಿತು. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿಯೂ ಇರಲಿ. ಅಪ್‌ಡೇಟ್ ನಡುವೆ ಕರೆಂಟು ಹೋಗಿ ಬೋರ್ಡ್ ಸತ್ತಂತಾದರೆ, ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಬಯಾಸ್ ಕಡತವನ್ನು ಕೈಪಿಡಿಯಲ್ಲಿರುವ ಹೆಸರಿನಲ್ಲೇ ಹಾಕಿ, ಗುರುತಿಸಿದ ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿ, ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸಾಕು. ಪ್ರೊಸೆಸರ್, ಮೆಮೊರಿ ಯಾವುದೂ ಇಲ್ಲದೆಯೇ ಬೋರ್ಡ್ ತನ್ನನ್ನು ಮತ್ತೆ ಬರೆದುಕೊಳ್ಳುತ್ತದೆ.