ಹೆಬ್ಬೆರಳು ಕೆಳಗೆ ಮಾಡಿಸಿದ್ದು ಒಬ್ಬ ಫ್ರೆಂಚ್ ಚಿತ್ರಗಾರ

ಗ್ಲಾಡಿಯೇಟರ್, ಅಂದರೆ ಹಿಂದೆ ರೋಮಿನಲ್ಲಿ ಜನರ ಮುಂದೆ ಕಾದಾಡುತ್ತಿದ್ದ ಕಾಳಗದವನು, ಅಂದ ತಕ್ಷಣ ಎಲ್ಲರ ತಲೆಯಲ್ಲೂ ಒಂದೇ ಸೀನ್ ಓಡುತ್ತದೆ. ಸೋತವನು ಮರಳಲ್ಲಿ ಬಿದ್ದಿರುತ್ತಾನೆ, ಗೆದ್ದವನು ಕತ್ತಿ ಹಿಡಿದು ಮೇಲೆ ನೋಡುತ್ತಾನೆ, ಚಕ್ರವರ್ತಿ ಹೆಬ್ಬೆರಳು ಕೆಳಗೆ ಮಾಡುತ್ತಾನೆ, ಅಲ್ಲಿಗೆ ಅವನ ಕಥೆ ಮುಗೀತು. ಈ ಸೀನನ್ನು ನಮ್ಮ ತಲೆಗೆ ತುಂಬಿದ್ದು ರೋಮನ್ನರಲ್ಲ, 1872ರಲ್ಲಿ ಜೆರೋಮ್ ಎಂಬ ಫ್ರೆಂಚ್ ಚಿತ್ರಗಾರ ಬಿಡಿಸಿದ ಪೇಂಟಿಂಗ್. ಜನ ಹೆಬ್ಬೆರಳು ತಿರುಗಿಸಿ ಕೊಲ್ಲಿಸುತ್ತಾರೆ ಅಂತ ರೋಮಿನ ಕವಿ ಜುವೆನಾಲ್ ಬರೆದಿದ್ದಾನೆ, ನಿಜ. ಆದರೆ ಮೇಲಕ್ಕೋ ಕೆಳಕ್ಕೋ ಅಂತ ಹೇಳಿಲ್ಲ. ಜೆರೋಮ್ ಕೆಳಕ್ಕೆ ಅಂದುಕೊಂಡ, ಸಿನಿಮಾದವರು ಅವನನ್ನು ನಂಬಿದರು, ನಾವು ಸಿನಿಮಾದವರನ್ನು ನಂಬಿದೆವು.

ಬೆರಳಿನ ವಿಷಯ ಹೋಗಲಿ ಬಿಡಿ. ನನಗೆ ಜಾಸ್ತಿ ಕಿರಿಕಿರಿ ಆಗುವುದು ಪ್ರತಿ ಕಾಳಗದಲ್ಲೂ ಒಬ್ಬ ಸಾಯಲೇಬೇಕಿತ್ತು ಅನ್ನುವ ಮಾತಿಗೆ. ಸ್ವಲ್ಪ ದುಡ್ಡಿನ ಲೆಕ್ಕ ಹಾಕಿ ನೋಡಿ. ಒಬ್ಬ ಗ್ಲಾಡಿಯೇಟರನ್ನು ಸಾಕಿ, ಊಟ ಹಾಕಿ, ವರ್ಷಗಟ್ಟಲೆ ತರಬೇತಿ ಕೊಟ್ಟ ಯಜಮಾನ ಅವನನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಳ್ಳಲು ಸುಮ್ನೆ ಒಪ್ಪುತ್ತಾನಾ? ಎರಡನೇ ಶತಮಾನದ ಗಾಯಸ್ ಎಂಬ ಕಾನೂನು ಪಂಡಿತ ಇಂಥದ್ದೇ ಒಂದು ವ್ಯವಹಾರವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಗ್ಲಾಡಿಯೇಟರ್ ಸರಿಯಾಗಿ ವಾಪಸ್ ಬಂದರೆ ಆಟ ಆಡಿಸುವವನು ಯಜಮಾನನಿಗೆ ಕೊಡಬೇಕಾದ್ದು ತಲೆಗೆ 20 ಡೆನಾರಿ (ರೋಮಿನ ಬೆಳ್ಳಿ ನಾಣ್ಯ), ಸತ್ತರೆ ಅಥವಾ ಕೈಕಾಲು ಮುರಿದುಕೊಂಡರೆ 1000 ಡೆನಾರಿ. ಐವತ್ತು ಪಟ್ಟು! ಹೆಣ ಬೀಳಿಸುವುದು ಆಟ ಆಡಿಸುವವನ ಜೇಬಿಗೆ ಭಾರಿ ಹೊಡೆತವೇ.

ಸಿಸಿಲಿಯಲ್ಲಿ ಸಿಕ್ಕಿದ ಒಂದು ಸಮಾಧಿ ಕಲ್ಲು ನನಗೆ ತುಂಬಾ ಇಷ್ಟ. ಫ್ಲಾಮ್ಮಾ ಎಂಬವನದು, ಸಿರಿಯಾ ಕಡೆಯವನು. ಬದುಕಿದ್ದು 30 ವರ್ಷ, ಕಾದಾಡಿದ್ದು 34 ಸಲ, ಗೆದ್ದದ್ದು 21, ಸಮ ಆಗಿದ್ದು 9, ಸೋತೂ ಜೀವ ಉಳಿಸಿಕೊಂಡದ್ದು 4. ಈಗಿನ ಕ್ರಿಕೆಟಿಗರ ಅಂಕಿಅಂಶದ ಪಟ್ಟಿಯಂತೆಯೇ ಇದೆ, ಅಲ್ವಾ? ಕಲ್ಲು ಹಾಕಿಸಿದವನು ಡೆಲಿಕಾಟುಸ್ ಎಂಬ ಜೊತೆಗಾರ.

ಹಾಗಂತ ಅದೇನೋ ಹಬ್ಬದ ಆಟವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನ ಸತ್ತಿದ್ದಾರೆ. ಜೊತೆಗೆ ಅದೇ ಅಂಗಳದಲ್ಲಿ ನಡುಮಧ್ಯಾಹ್ನ ಮರಣದಂಡನೆಯ ಕೈದಿಗಳನ್ನು ರಕ್ಷಣೆಗೆ ಏನೂ ಕೊಡದೆ ಒಬ್ಬರಿಂದ ಒಬ್ಬರನ್ನು ಕೊಲ್ಲಿಸುತ್ತಿದ್ದರು. ಅದನ್ನು ನೋಡಿ ಬಂದ ರೋಮಿನ ತತ್ವಜ್ಞಾನಿ ಸೆನೆಕಾ ಒಂದು ಪತ್ರದಲ್ಲಿ ಅಸಹ್ಯಪಟ್ಟುಕೊಂಡು ಬರೆದಿದ್ದಾನೆ. ನಾವು ಆ ಕೈದಿಗಳನ್ನೂ ಗ್ಲಾಡಿಯೇಟರ್‌ಗಳನ್ನೂ ಸೇರಿಸಿ ಒಂದೇ ಮಾಡಿಬಿಟ್ಟಿದ್ದೇವೆ, ಅಷ್ಟೇ.

"ಸಾಯಲಿರುವವರು ನಿಮಗೆ ವಂದಿಸುತ್ತಾರೆ" ಅನ್ನುವ ಪ್ರಸಿದ್ಧ ಡೈಲಾಗೂ ಇಂಥ ಕೈದಿಗಳದ್ದೇ. ಕ್ರಿ.ಶ. 52ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಇಟಲಿಯ ಫುಚಿನೋ ಕೆರೆಯಲ್ಲಿ ಅವರಿಂದ ಹಡಗಿನ ಯುದ್ಧ ಏರ್ಪಡಿಸಿದ್ದ. ಅವರು ಹೀಗಂದಾಗ ಆತ "ಅಥವಾ ಸಾಯದವರು" ಅಂದನಂತೆ. ಅವರು ಓಹೋ, ನಮಗೆ ಕ್ಷಮೆ ಸಿಕ್ಕಿತು ಅಂದುಕೊಂಡು ಯುದ್ಧ ಮಾಡುವುದೇ ಇಲ್ಲ ಅಂತ ಕೂತುಬಿಟ್ಟರು! ಕೊನೆಗೆ ಚಕ್ರವರ್ತಿಯೇ ಕುಂಟುತ್ತಾ ಕೆರೆ ದಂಡೆಯಲ್ಲಿ ಓಡಾಡಿ, ಸ್ವಲ್ಪ ಗದರಿಸಿ, ಸ್ವಲ್ಪ ಪುಸಲಾಯಿಸಿ ಯುದ್ಧಕ್ಕೆ ಇಳಿಸಬೇಕಾಯಿತು. ಗ್ಲಾಡಿಯೇಟರ್‌ಗಳು ಈ ಮಾತು ಹೇಳಿದ ದಾಖಲೆ ಎಲ್ಲೂ ಇಲ್ಲ.

ಗ್ರೀಕ್ ಪುರಾಣಗಳ ಕಥೆಯೂ ಹೀಗೇ. ಟ್ರಾಯ್ ಯುದ್ಧದ ಗ್ರೀಕ್ ವೀರ ಅಕಿಲಿಸನಿಗೆ ಹಿಮ್ಮಡಿ ಬಿಟ್ಟು ಬೇರೆಲ್ಲೂ ಗಾಯ ಆಗುತ್ತಿರಲಿಲ್ಲ ಅಂತ ಆ ಯುದ್ಧದ ಕಾವ್ಯ ಇಲಿಯಡ್‌ನಲ್ಲಿ ಕವಿ ಹೋಮರ್ ಹೇಳಿಯೇ ಇಲ್ಲ. ಇಲಿಯಡ್‌ನ 21ನೇ ಭಾಗದಲ್ಲಿ ಆಸ್ಟೆರೊಪಯೋಸ್ ಎಸೆದ ಈಟಿ ಅಕಿಲಿಸನ ಬಲಗೈಗೆ ತಾಗಿ ರಕ್ತ ಚಿಮ್ಮುತ್ತದೆ. ಗಾಯವೇ ಆಗದಿರಲಿ ಅಂತ ತಾಯಿ ಅವನನ್ನು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆ ನಮಗೆ ಮೊದಲು ಸಿಗುವುದು ಎಷ್ಟೋ ಶತಮಾನಗಳ ನಂತರದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಗಾಂಧಾರಿ ಕಣ್ಣುಪಟ್ಟಿ ಬಿಚ್ಚಿ ನೋಡಿ ದುರ್ಯೋಧನನ ತೊಡೆ ಮಾತ್ರ ಉಳಿದ ಕಥೆಯೂ ವ್ಯಾಸಭಾರತದಲ್ಲಿಲ್ಲವಲ್ಲ, ಹಾಗೇ ಇದು. ಟ್ರಾಯ್‌ನ ಮರದ ಕುದುರೆಯೂ ಇಲಿಯಡ್‌ನಲ್ಲಿ ಬರುವುದಿಲ್ಲ, ಆ ಕಾವ್ಯ ಟ್ರಾಯ್‌ನ ರಾಜಕುಮಾರ ಹೆಕ್ಟರನ ಅಂತ್ಯಸಂಸ್ಕಾರಕ್ಕೇ ಮುಗಿಯುತ್ತದೆ.

ಇನ್ನು ಗ್ರೀಕರ, ರೋಮನ್ನರ ಆ ಬೆಳ್ಳಗಿನ ಪ್ರತಿಮೆಗಳು. ಅವಕ್ಕೆಲ್ಲ ಗಾಢವಾದ ಬಣ್ಣ ಬಳಿದಿರುತ್ತಿತ್ತು, ತುಟಿಗೆ ಕೆಂಪು, ಬಟ್ಟೆಗೆ ನೀಲಿ, ಹಸಿರು. 1863ರಲ್ಲಿ ರೋಮಿನ ಹತ್ತಿರ ಸಿಕ್ಕಿದ ಚಕ್ರವರ್ತಿ ಅಗಸ್ಟಸ್ ಪ್ರತಿಮೆಯ ಮೇಲೆ ಬಣ್ಣದ ಕುರುಹು ಕಂಡಿತ್ತು. ಆದರೂ ಬಿಳಿಯೇ ಚೆಂದ ಅನ್ನುವ ಹುಚ್ಚು ಹೋಗಲಿಲ್ಲ. 1930ರ ದಶಕದ ಕೊನೆಯಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳು ಇನ್ನೂ ಬೆಳ್ಳಗೆ ಕಾಣಲಿ ಅಂತ, ಅವುಗಳ ಮೇಲೆ ಕಾಲಾಂತರದಲ್ಲಿ ಕೂತಿದ್ದ ಕಂದು ಪೊರೆಯನ್ನು ತಾಮ್ರದ ಉಪಕರಣ ಹಿಡಿದು ಕೆರೆದರು. ಆ ಶಿಲ್ಪಗಳಿಗೆ ಹೊಸ ಗ್ಯಾಲರಿ ಕಟ್ಟಿಸಲು ದುಡ್ಡು ಕೊಟ್ಟ ಡವೀನ್ ಎಂಬ ಕಲಾ ವ್ಯಾಪಾರಿಗೆ ಅವು ಬೆಳ್ಳಗೇ ಬೇಕಿತ್ತು.