ಹತ್ತಿ ಸರ್

ನಮ್ಮ ಎಂಬಿಬಿಎಸ್ ಕಾಲದಲ್ಲಿ ಸ್ಕಿನ್ ಪೋಸ್ಟಿಂಗ್ (ಚರ್ಮರೋಗ ವಿಭಾಗದ ಕಲಿಕೆಯ ಸರದಿ) ಎಂದರೆ ಆರಾಮದ ದಿನಗಳು. ಮೆಡಿಸಿನ್, ಸರ್ಜರಿ ವಾರ್ಡುಗಳಲ್ಲಿ ಬೈಸಿಕೊಂಡು ಸುಸ್ತಾದವರು ಇಲ್ಲಿ ಹಾಜರಿ ಕೊಟ್ಟು ಕ್ಯಾಂಟೀನಿಗೆ ಜಾರುತ್ತಿದ್ದರು. ಹಾಗೆ ಜಾರಲು ಬಿಡದವರು ನಮ್ಮ ಪ್ರೊಫೆಸರು. ಕೋಟಿನ ಜೇಬಿನಲ್ಲಿ ಸದಾ ಒಂದಿಷ್ಟು ಹತ್ತಿ ಇರುತ್ತಿದ್ದುದರಿಂದ ಹುಡುಗರ ಬಾಯಲ್ಲಿ ಅವರು 'ಹತ್ತಿ ಸರ್'. ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯೆಲ್ಲ ಅವರದೇ ಮಾತು.

ಮೈಮೇಲೆ ಬಣ್ಣ ಕುಂದಿದ ಮಚ್ಚೆ ಕಂಡರೆ ಸರ್ ರೋಗಿಯ ಕಣ್ಣು ಮುಚ್ಚಿಸಿ, ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು ಮಚ್ಚೆಯ ಮೇಲೊಮ್ಮೆ, ಪಕ್ಕದ ಚರ್ಮದ ಮೇಲೊಮ್ಮೆ ತಾಗಿಸುವರು. "ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರ್ಸಪ್ಪಾ." ತೋರಿಸಲಾಗದಿದ್ದರೆ ಅಲ್ಲಿ ಸ್ಪರ್ಶ ಹೋಗಿದೆ ಎಂದರ್ಥ. ಆಗ ಮೊಣಕೈ ಮಡಿಸಿ, ಒಳಬದಿಯ ಮೂಳೆಯ ಹಿಂದಿನ ತಗ್ಗಿನಲ್ಲಿ ಅಲ್ನಾರ್ ನರವನ್ನು ಬೆರಳಡಿ ಹೊರಳಿಸಿ ನೋಡುವರು. ಕುಷ್ಠದಲ್ಲಿ ಅದು ಹುರಿಹಗ್ಗದಂತೆ ದಪ್ಪಗೆ ಸಿಗುತ್ತದೆ. ಒಬ್ಬೊಬ್ಬರ ಬೆರಳನ್ನೂ ಹಿಡಿದು ಅಲ್ಲಿಡಿಸುತ್ತಿದ್ದರು. ಗ್ಲೌಸ್ ಹುಡುಕುವವನಿಗೆ "ಬರಿಗೈ ಸಾಕು" ಎನ್ನುವರು. ಮನೆಯವರೇ ತಟ್ಟೆ, ಲೋಟ ಬೇರೆ ಇಟ್ಟಿದ್ದ ಹೆಂಗಸೊಬ್ಬರು, ಸರ್ ತಮ್ಮ ಕೈ ಹಿಡಿದಾಗ ಅತ್ತುಬಿಟ್ಟಿದ್ದರು. ಕುಷ್ಠಕ್ಕೆ ಕೊಡುವ ಕ್ಲೋಫಾಜಿಮಿನ್ ಮಾತ್ರೆಯಿಂದ ಮೈ ಕಪ್ಪಾಗುತ್ತದೆ, ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಾಗುತ್ತದೆ, ಹೆದರಿ ಮಾತ್ರೆ ಬಿಡಬೇಡಿ ಎಂದು ಅವರ ಗಂಡನನ್ನೂ ಕೂರಿಸಿಕೊಂಡು ವಿವರಿಸಿದರು. ಅಷ್ಟು ಹೊತ್ತೂ ಆ ಕೈ ಬಿಟ್ಟಿರಲಿಲ್ಲ.

ಇನ್ನು ನಮ್ಮ ಕಿತಾಪತಿ. ಕತ್ತಲೆ ಕೋಣೆಯಲ್ಲಿ ವುಡ್ಸ್ ದೀಪದ ನೇರಳಾತೀತ ಬೆಳಕು ಬಿಟ್ಟರೆ ತೊನ್ನು ಅಚ್ಚ ಬಿಳುಪಾಗಿ ಎದ್ದು ಕಾಣುತ್ತದೆ, ಎರಿತ್ರಾಸ್ಮಾ ಎಂಬ ಚರ್ಮದ ಸೋಂಕು ಹವಳಗೆಂಪಾಗುತ್ತದೆ. ನಾವು ಗೆಳೆಯನೊಬ್ಬನ ಬೆನ್ನ ಮೇಲೆ ವ್ಯಾಸಲೀನಿನಲ್ಲಿ ಕರ್ನಾಟಕದ ನಕಾಶೆ ಬರೆದು, "ಸರ್, ವಿಚಿತ್ರ ಕೇಸು" ಎಂದು ಕರೆದೊಯ್ದೆವು. ದೀಪ ಬಿದ್ದೊಡನೆ ಬೀದರಿನಿಂದ ಚಾಮರಾಜನಗರದವರೆಗೆ ನೀಲಿ ಹೊಳಪು! ಸರ್ ಬಾಗಿ ನೋಡಿದರು. ಜೇಬಿನಿಂದ ಹತ್ತಿ ತೆಗೆದು ಸ್ಪಿರಿಟಿನಲ್ಲಿ ಅದ್ದಿ ಒರೆಸಿದರು. ಬೈಯಲಿಲ್ಲ. "ಮುಲಾಮು, ಸೋಪು, ಬಟ್ಟೆಯ ನೂಲು ಎಲ್ಲಾ ಹೊಳೀತವೆ. ಹಚ್ಚಿದ್ದನ್ನ ಒರೆಸಿ ನೋಡಿ. ಆದ್ರೆ ತೊಳೆಸಬೇಡಿ, ತೊಳೆಸಿದ್ರೆ ಎರಿತ್ರಾಸ್ಮಾದ ಕೆಂಪೂ ಹೋಗುತ್ತೆ" ಎಂದು ಆ ಕತ್ತಲೆಯಲ್ಲೇ ಪಾಠ ಮಾಡಿದರು. ಮುಂದೆ ಎಂ.ಡಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದೇ ಪ್ರಶ್ನೆ ಬಂತು. ನನ್ನ ಉತ್ತರ ಕೇಳಿ ಹೊರಗಿನ ಪರೀಕ್ಷಕರು ಎದ್ದು ಕೈಕುಲುಕಿದರು.

ಈಗ ಚರ್ಮರೋಗದ ಸೀಟಿಗೆ ಮೇಲಿನ ರ‍್ಯಾಂಕಿನವರೇ ಮುಗಿಬೀಳುತ್ತಾರೆ. ರಾತ್ರಿ ಡ್ಯೂಟಿ ಕಡಿಮೆ, ಲೇಸರ್, ಬೊಟಾಕ್ಸ್‌ನಲ್ಲಿ ಸಂಪಾದನೆ ಹೆಚ್ಚು. ತಪ್ಪೆನ್ನಲಾರೆ, ಮೊಡವೆಯ ಕಲೆಗೆ ಮುಖ ಮುಚ್ಚಿಕೊಂಡು ಬರುವ ಹುಡುಗಿಯ ಸಂಕಟವೂ ಸಂಕಟವೇ. ಆದರೆ ನನ್ನಲ್ಲಿಗೆ ಬರುವ ಕಿರಿಯರು ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ, ಆಮೇಲೂ ಮುಟ್ಟುವುದಿಲ್ಲ. 2005ರ ಕೊನೆಗೆ ದೇಶದಲ್ಲಿ ಕುಷ್ಠದ ಪ್ರಮಾಣ 10,000 ಜನರಿಗೆ ಒಂದಕ್ಕಿಂತ ಕಡಿಮೆಯಾಯಿತು. ಅದನ್ನು ರೋಗವೇ ಹೋಯಿತೆಂದು ತಿಳಿದು ಕಲಿಸುವುದನ್ನೂ ಬಿಟ್ಟಂತಿದೆ. ಕಳೆದ ವರ್ಷ ಬಂದ ಗಾರೆ ಕೆಲಸದ ಯುವಕನ ತೋಳಿನ ಮಚ್ಚೆಗೆ ಮೂರು ಕಡೆ ವಿಟಮಿನ್ ಮಾತ್ರೆ ಕೊಟ್ಟಿದ್ದರು. ಕಿರುಬೆರಳು ಆಗಲೇ ಮಡಚತೊಡಗಿತ್ತು. ಹತ್ತಿ ತಾಗಿಸಿದೆ, ನರ ಹಿಡಿದು ನೋಡಿದೆ, ಐದು ನಿಮಿಷದಲ್ಲಿ ರೋಗ ಗೊತ್ತಾಯಿತು. ಅವನೀಗ ಕೆಲಸಕ್ಕೆ ಹೋಗುತ್ತಿದ್ದಾನೆ.

ಸರ್ ಹೆಸರಿನಲ್ಲಿ ಚಿನ್ನದ ಪದಕ ಇಡೋಣವೆಂದು ಬ್ಯಾಚಿನವರು ಹೇಳುತ್ತಿದ್ದಾರೆ. ಪದಕಕ್ಕಿಂತ, ಇಂಟರ್ನ್‌ಗಳನ್ನು ಪ್ರತಿವರ್ಷ ಹಳ್ಳಿಗಳಿಗೆ ಕರೆದೊಯ್ದು ಕುಷ್ಠ ತಪಾಸಣೆ ಮಾಡಿಸೋಣ ಎಂಬುದು ನನ್ನ ಆಸೆ. ಖರ್ಚು ನನಗಿರಲಿ, ಕಲಿಸಲು ನಾನೇ ಬರುತ್ತೇನೆ. ಕಾಲೇಜು ಒಂದು ಬಸ್ಸು ಕೊಟ್ಟರೆ ಈ ಡಿಸೆಂಬರಿನಲ್ಲೇ ಹೊರಡಬಹುದು.