ಮುಂಬೈಗೆ ಹಿರಿಯರು, ಮಕ್ಕಳ ಜೊತೆ ಹೊರಟಿದ್ದೀರಾ? ರೂಮು ದಾದರ್–ಮಾಟುಂಗ ಕಡೆ ಹಿಡಿಯಿರಿ

ಮುಂಬೈಯ ಯಾವುದಾದರೂ ಹೋಟೆಲ್ ‘ಸ್ಟೇಷನ್‌ಗೆ 5 ನಿಮಿಷ’ ಎಂದು ಹಾಕಿಕೊಂಡಿದ್ದರೆ, ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಒಂದೇ ಮಾತು ಕೇಳಿ: ನಡೆದುಕೊಂಡು ಹೋದರೆ ಎಷ್ಟು ಹೊತ್ತು? ಗಾಡಿಯಲ್ಲಿ ಎಷ್ಟು ಹೊತ್ತು ಅಂತಲ್ಲ. ನಾವು ಡಿಸೆಂಬರ್ ರಜೆಯಲ್ಲಿ ಮೊದಲು ಇಳಿದುಕೊಂಡದ್ದು ಅಂಧೇರಿ ಪೂರ್ವದ ಒಂದು ಹೋಟೆಲಿನಲ್ಲಿ. ಅವರ 5 ನಿಮಿಷ ಬಹುಶಃ ನಡುರಾತ್ರಿಯ ಲೆಕ್ಕ. ಸಂಜೆ ಅದೇ ದಾರಿಗೆ ಆಟೋದಲ್ಲಿ ಅರ್ಧ ಗಂಟೆ ಹಿಡಿಯಿತು. ನಡೆಯೋಣವೆಂದರೆ ಫುಟ್‌ಪಾತ್ ಇಲ್ಲ. ಇದ್ದ ಕಡೆ ಬೈಕು ನಿಲ್ಲಿಸಿದ್ದಾರೆ. ನಮ್ಮ ಅತ್ತೆಗೆ ಮಂಡಿ ನೋವು, ಮಗಳಿಗೆ ಏಳು ವರ್ಷ. ಇಬ್ಬರನ್ನೂ ಕೈ ಹಿಡಿದು ಆ ರಸ್ತೆ ದಾಟಿಸುವುದೇ ದೊಡ್ಡ ಕೆಲಸವಾಯಿತು.

ಬಾಡಿಗೆ ಕಡಿಮೆ ಅಂತ ಅಲ್ಲಿ ಹೋದದ್ದು. ದಿನಕ್ಕೆ 2,800 ರೂಪಾಯಿ, ಮಕ್ಕಳಿಗೆ ಚಾರ್ಜ್ ಇಲ್ಲ ಎಂದು ಬರೆದಿತ್ತು. ಒಳಗೆ ಹೋದ ಮೇಲೆ ಬೇರೆಯೇ ಮಾತು. ಮಗುವಿಗೆ ಚಾರ್ಜ್ ಇಲ್ಲ, ಆದರೆ ಹಾಸಿಗೆಗೆ 900 ರೂಪಾಯಿ! ಅದೂ ಪ್ರತಿ ರಾತ್ರಿ. ಅತ್ತೆಗೆ ಹಾಕಿಸಿದ ಹಾಸಿಗೆಗೂ ಮತ್ತೆ 900. ಅಲ್ಲಿಗೆ ರೂಮು 4,600ಕ್ಕೆ ಬಂತು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಲಿಫ್ಟ್ ರಾತ್ರಿ ಹನ್ನೊಂದಕ್ಕೆ ಬಂದ್. ಬೆಳಗಿನ ತಿಂಡಿ ಎಂದರೆ ತಣ್ಣಗಿನ ಬ್ರೆಡ್ಡು ಮತ್ತು ನೀರು ನೀರಾದ ಚಹಾ. ಕೇಳಿದರೆ ಕೌಂಟರಿನವರು ಕಂಪ್ಯೂಟರ್ ಕಡೆ ಬೆರಳು ತೋರಿಸಿದರು. ನಮಗೆ ನಿಜವಾಗಿಯೂ ಬೇಜಾರಾಯಿತು. ಒಂದು ದಿನದ ಬಾಡಿಗೆ ಹೋದರೆ ಹೋಗಲಿ ಎಂದು ಬಿಟ್ಟು ದಾದರ್ ಪೂರ್ವಕ್ಕೆ ಬಂದೆವು. ಆಮೇಲೆಯೇ ಪ್ರವಾಸ ಶುರುವಾದಂತೆ ಆದದ್ದು.

ಮುಂಬೈ ಉದ್ದಕ್ಕೆ ಇರುವ ಊರು. ನೋಡುವ ಜಾಗಗಳು ಬಹುತೇಕ ದಕ್ಷಿಣದ ತುದಿಯಲ್ಲಿವೆ: ಗೇಟ್‌ವೇ ಆಫ್ ಇಂಡಿಯಾ, ಮ್ಯೂಸಿಯಂ, ಮರೀನ್ ಡ್ರೈವ್. ಕಡಿಮೆ ಬಾಡಿಗೆಯ ರೂಮುಗಳು ಬಹುತೇಕ ಅಂಧೇರಿಯಂಥ ಉತ್ತರದ ಕಡೆ ಇವೆ. ದಾದರ್, ಮಾಟುಂಗ ಇವೆರಡರ ನಡುವೆ ಬರುತ್ತವೆ. ಬೆಳಿಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ಹೋಗುತ್ತದೆ, ಸಂಜೆ ಊರಿಗೆ ಊರೇ ಉತ್ತರಕ್ಕೆ ಬರುತ್ತದೆ. ನೀವು ಉತ್ತರದಲ್ಲಿ ಉಳಿದರೆ ದಿನಕ್ಕೆ ಎರಡು ಸಲ ಆ ಜನದ ಜೊತೆಗೇ ಹೋಗಿ ಬರಬೇಕು. ಟ್ಯಾಕ್ಸಿ ಮಾಡಿದರೂ ಬಿಡುಗಡೆ ಇಲ್ಲ, ಅದೇ ಹೊತ್ತಿಗೆ ರಸ್ತೆಯೂ ತುಂಬಿರುತ್ತದೆ. ಗೇಟ್‌ವೇಯಿಂದ ಅಂಧೇರಿಗೆ ಸಂಜೆ ಟ್ಯಾಕ್ಸಿಯಲ್ಲಿ ಬಂದಾಗ ಮಗಳು ನಿದ್ದೆ ಮಾಡಿ, ಎದ್ದು, ಅತ್ತು, ಮತ್ತೆ ನಿದ್ದೆ ಹೋದಳು. ಆಟೋದಲ್ಲಿ ಬರೋಣವೆಂದರೆ ಅದೂ ಆಗುವುದಿಲ್ಲ. ಆಟೋಗಳು ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯಾನ್ ದಾಟಿ ದಕ್ಷಿಣಕ್ಕೆ ಬರುವಂತಿಲ್ಲ. ಇದು ಗೊತ್ತಿಲ್ಲದೆ ದಾದರ್‌ನಲ್ಲಿ ಆಟೋ ಹುಡುಕುತ್ತಾ ನಿಲ್ಲುವ ನಮ್ಮ ಕಡೆಯವರು ಬಹಳ.

ಅಂಧೇರಿ ಬೇಡವೇ ಬೇಡ ಅನ್ನುವುದಿಲ್ಲ. 2025ರ ಅಕ್ಟೋಬರಿನಿಂದ ನೆಲದಡಿಯ ಆಕ್ವಾ ಮೆಟ್ರೋ ಉತ್ತರದ ಆರೆಯಿಂದ ದಕ್ಷಿಣ ತುದಿಯ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಅಂಧೇರಿ ಪೂರ್ವದ ಮರೋಳ್ ನಾಕಾ ಸ್ಟೇಷನ್ನಿಗೆ ನಿಜವಾಗಿ ನಡೆದು ಹೋಗುವಷ್ಟು ಹತ್ತಿರ ರೂಮು ಸಿಕ್ಕರೆ ಹಿಡಿಯಬಹುದು. ಎಸಿ ಇದೆ, ಲಿಫ್ಟ್ ಇದೆ, ಸೀದಾ ಸಿಎಸ್‌ಎಂಟಿ (ಹಿಂದೆ ವಿಟಿ ಎನ್ನುತ್ತಿದ್ದ ದೊಡ್ಡ ಸ್ಟೇಷನ್), ಚರ್ಚ್‌ಗೇಟ್‌ಗೆ ಬರುತ್ತದೆ. ಬೆಳಿಗ್ಗೆ ಬೇಗ ವಿಮಾನ ಇದ್ದವರಿಗೂ ಅದೇ ಸರಿ. ಆದರೆ ಮೆಟ್ರೋ ಇದೆ ಅಂತ ದೂರದಲ್ಲಿ ರೂಮು ಹಿಡಿದರೆ ನಮ್ಮ ಕಥೆಯೇ ಆಗುತ್ತದೆ.

ಕೊಲಾಬಾದ ಬಗ್ಗೆ ಎಲ್ಲರೂ ಹೇಳುತ್ತಾರೆ. ಜಾಗ ಚೆನ್ನಾಗಿದೆ, ಗೇಟ್‌ವೇಗೆ ನಡೆದು ಹೋಗಬಹುದು. ನಾವು ಹೋಗಿ ಕೇಳಿದ ಲಾಡ್ಜುಗಳಲ್ಲಿ ನಮ್ಮ ಕೈಗೆಟುಕುವ ರೂಮುಗಳೆಲ್ಲ ಹಳೆಯ ಕಟ್ಟಡಗಳ ಮೂರನೇ ಮಹಡಿಯಲ್ಲಿದ್ದವು, ಲಿಫ್ಟ್ ಇಲ್ಲ. ಮಂಡಿ ನೋವಿನವರನ್ನು ಕಟ್ಟಿಕೊಂಡು ಆ ಕಡಿದಾದ ಮರದ ಮೆಟ್ಟಿಲು ದಿನಕ್ಕೆ ಎಷ್ಟು ಸಲ ಹತ್ತುವುದು? ಸಂಜೆ ಅಂಗಡಿ ಸಾಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನಗೆ ಗದ್ದಲ ಅಂದರೆ ಆಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಓದಿ. ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಕೊಲಾಬಾ ಖುಷಿ ಕೊಡಬಹುದು.

ದಾದರ್ ಪೂರ್ವದಲ್ಲಿ ನಮಗೆ ಹಿಂದೂ ಕಾಲನಿ ಕಡೆ, ಟಿಟಿ ಸರ್ಕಲ್‌ನಿಂದ ಸ್ವಲ್ಪ ಒಳಗೆ ರೂಮು ಸಿಕ್ಕಿತು. 3,600 ರೂಪಾಯಿ, ನಾಲ್ಕು ಜನಕ್ಕೆ. ಹಾಸಿಗೆಗೆ ಬೇರೆ ದುಡ್ಡಿಲ್ಲ ಎಂದು ಮೊದಲೇ ಚೀಟಿಯಲ್ಲಿ ಬರೆಸಿಕೊಂಡೆವು, ನೀವೂ ಬರೆಸಿಕೊಳ್ಳಿ. ರೂಮು ದೊಡ್ಡದೇನಲ್ಲ. ಆದರೆ ಕಿಟಕಿಯಾಚೆ ಮರ ಇತ್ತು, ರಾತ್ರಿ ಸದ್ದಿರಲಿಲ್ಲ. ಇಲ್ಲಿಂದ ಉತ್ತರಕ್ಕೆ ನಡೆದರೆ ಫೈವ್ ಗಾರ್ಡನ್ಸ್, ಇನ್ನೂ ಮುಂದೆ ಹೋದರೆ ಮಾಟುಂಗ. ರಸ್ತೆಯ ಎರಡೂ ಕಡೆ ನೆರಳು, ಫುಟ್‌ಪಾತ್ ಇದೆ, ಸಂಜೆ ಹಿರಿಯರು ಬೆಂಚಿನ ಮೇಲೆ ಕೂತಿರುತ್ತಾರೆ. ಅತ್ತೆ ನಮ್ಮನ್ನೆಲ್ಲ ಬಿಟ್ಟು ತಾವೇ ವಾಕಿಂಗ್ ಹೋಗಿ ಬಂದರು. ಮುಂಬೈಯಲ್ಲಿ ಇದು ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಮಾಟುಂಗದಲ್ಲೇ ರೂಮು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅಲ್ಲಿ ಹೋಟೆಲುಗಳು ಕಡಿಮೆ. ದಾದರ್ ಪಶ್ಚಿಮ ಬೇರೆಯೇ ಲೋಕ. ಹೂವಿನ ಮಾರ್ಕೆಟ್ಟು, ಬಟ್ಟೆ ಅಂಗಡಿಗಳು, ಜನವೋ ಜನ. ಒಂದು ಸಲ ನೋಡಿ ಬನ್ನಿ, ಉಳಿಯಬೇಡಿ.

ನಮ್ಮ ಕಡೆಯಿಂದ ಹೋಗುವವರಿಗೆ ದಾದರ್ ಇನ್ನೊಂದು ಕಾರಣಕ್ಕೂ ಅನುಕೂಲ. ಹುಬ್ಬಳ್ಳಿ–ದಾದರ್ ಎಕ್ಸ್‌ಪ್ರೆಸ್ ಇಲ್ಲಿಗೇ ಬರುತ್ತದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಇಲ್ಲಿ ನಿಂತು ಮುಂದೆ ಸಿಎಸ್‌ಎಂಟಿಗೆ ಹೋಗುತ್ತದೆ, ಕೊನೆಯವರೆಗೆ ಹೋಗದೆ ಇಲ್ಲೇ ಇಳಿಯಬಹುದು. ಮಂಗಳೂರು ಕಡೆಯ ಮತ್ಸ್ಯಗಂಧ ಬರುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಅದಕ್ಕೂ ಕುರ್ಲಾ ಲೋಕಲ್ ಸ್ಟೇಷನ್ನಿಗೂ ಲಗೇಜು ಹೊತ್ತು ನಡೆಯುವಷ್ಟು ಹತ್ತಿರ ಇಲ್ಲ. ಅಲ್ಲಿಂದ ಟ್ಯಾಕ್ಸಿಯಲ್ಲಿ ಬರುವುದೇ ಸರಿ.

ಹುಬ್ಬಳ್ಳಿ ಗಾಡಿ ಬೆಳಗಿನ ಜಾವ ತಲುಪುತ್ತದೆ, ಹೋಟೆಲಿನವರು ಹನ್ನೆರಡಕ್ಕೆ ರೂಮು ಕೊಡುತ್ತಾರೆ. ಬೇಗ ರೂಮು ಕೊಡ್ತೀರಾ, ಎಷ್ಟು ಜಾಸ್ತಿ ಆಗುತ್ತೆ ಎಂದು ಮೊದಲೇ ಕೇಳಿಕೊಳ್ಳಿ. ಇನ್ನೊಂದು ಮಾತು, ದಾದರ್‌ನ ಪ್ಲಾಟ್‌ಫಾರ್ಮ್ ನಂಬರು 2023ರ ಡಿಸೆಂಬರಿನಲ್ಲಿ ಬದಲಾಗಿದೆ. ಈಗ ವೆಸ್ಟರ್ನ್ ಲೈನಿನ 1ರಿಂದ 7, ಸೆಂಟ್ರಲ್ ಲೈನಿನ 8ರಿಂದ 14. ಹಿಂದೆ ಬಂದು ಹೋದ ನೆಂಟರು ಹೇಳುವ ನಂಬರು ನಂಬಬೇಡಿ.

ಊಟದ ವಿಷಯಕ್ಕೆ ಬರುತ್ತೇನೆ. ಈ ಕಡೆಯೇ ರೂಮು ಹಿಡಿಯಿರಿ ಎನ್ನಲು ನನಗೆ ಅರ್ಧ ಕಾರಣ ಇದೇ. ಮಾಟುಂಗ ಸ್ಟೇಷನ್ನಿನ ಪಕ್ಕ, ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ, ಎ. ರಾಮ ನಾಯಕ್ ಅವರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಇದೆ. ಉಡುಪಿ ಕಡೆಯಿಂದ ಬಂದ ರಾಮ ನಾಯಕರು 1942ರಲ್ಲಿ ಶುರು ಮಾಡಿದ್ದು. ಮೊದಲು ಕೂಪನ್ ತಗೋಬೇಕು, ಆಮೇಲೆ ಜಾಗಕ್ಕೆ ಕಾಯಬೇಕು. ನಾವು ಹೋದಾಗ ಮೆಟ್ಟಿಲ ತನಕ ಸಾಲು ಇತ್ತು. ಸಾಲು ಕಂಡರೆ ತಿರುಗಿ ಹೋಗುವವಳು ನಾನು, ಇಲ್ಲಿ ಮಾತ್ರ ನಿಂತೆ. ಅತ್ತೆಯನ್ನು ನೋಡಿ ಬಾಗಿಲಲ್ಲಿದ್ದವರು ತಾವೇ ಕುರ್ಚಿ ತಂದು ಕೊಟ್ಟರು.

ಬಾಳೆ ಎಲೆ ಊಟ. ಎರಡು ಪಲ್ಯ, ಪೂರಿ, ಸಾಂಬಾರು, ಸಾರು, ಹಪ್ಪಳ, ಮೊಸರು. ಹೆಸರು ಕೇಳಿದರೆ ವಿಶೇಷ ಏನೂ ಇಲ್ಲ ಅನಿಸುತ್ತದೆ. ರುಚಿಯೇ ಬೇರೆ. ಸಾರಿನಲ್ಲಿ ಇಂಗು, ಕರಿಬೇವು ಘಮ್ಮೆನ್ನುತ್ತಿತ್ತು, ಬಿಸಿ ಹೊಗೆಯಾಡುತ್ತಿತ್ತು, ಹುಳಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಪಲ್ಯಕ್ಕೆ ಎಣ್ಣೆ ಸುರಿದಿರಲಿಲ್ಲ. ಬಡಿಸುವವರು ಕೇಳದೆಯೇ ಬಂದು ಬಂದು ಬಡಿಸಿದರು. ಮಗಳು ಖಾರ ಅಂದದ್ದು ಕೇಳಿ ಅವಳ ಎಲೆಗೆ ಮೊಸರು ಮೊದಲೇ ಹಾಕಿದರು. ನಾವು ಮಾತಾಡುವುದನ್ನು ಕೇಳಿಸಿಕೊಂಡ ಒಬ್ಬರು ಕನ್ನಡದಲ್ಲೇ ಕೇಳಿದರು, “ಅಮ್ಮ, ಇನ್ನು ಸ್ವಲ್ಪ ಸಾರು ಹಾಕ್ಲಾ?” ಅತ್ತೆ ತಡ ಮಾಡಲಿಲ್ಲ. “ಹಾಕಪಾ, ಈ ಊರಿಗೆ ಬಂದಾಗಿಂದ ಬಾಯಿ ಕೆಟ್ಟ ಹೋಗೇತಿ.” ಆಮೇಲೆ ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ನಮ್ಮ ನಾಲ್ಕು ಜನರ ಊಟದ ದುಡ್ಡು, ಕೊಲಾಬಾದಲ್ಲಿ ಎರಡು ಸ್ಯಾಂಡ್‌ವಿಚ್, ಎರಡು ಜ್ಯೂಸಿಗೆ ಕೊಟ್ಟಷ್ಟೂ ಆಗಲಿಲ್ಲ. ಸೋಮವಾರ ರಜೆ, ನೆನಪಿಡಿ.

ಬೆಳಗಿನ ತಿಂಡಿಗೆ ಸ್ಟೇಷನ್ ಹತ್ತಿರದ ರಾಮ್ ಆಶ್ರಯ. ಅನಾನಸು ಶಿರಾ, ಉಪ್ಪಿಟ್ಟು, ಫಿಲ್ಟರ್ ಕಾಫಿ. ಏಳು ಗಂಟೆಗೆ ಮುಂಚೆ ಹೋದರೆ ಕೂತು ತಿನ್ನಬಹುದು. ಭಾನುವಾರ ಒಂಬತ್ತಕ್ಕೆ ಹೋದರೆ ರಸ್ತೆಯಲ್ಲೇ ನಿಲ್ಲಬೇಕು. ಕಿಂಗ್ಸ್ ಸರ್ಕಲ್ ಕಡೆ ಕೆಫೆ ಮದ್ರಾಸ್, ಕೆಫೆ ಮೈಸೂರು ಇವೆ. ಮದ್ರಾಸಿನ ರಾಗಿ ದೋಸೆ ಚೆನ್ನಾಗಿದೆ, ಅದಕ್ಕೂ ಸೋಮವಾರ ರಜೆ. ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಮಾಲೆ, ಬಾಳೆ ಎಲೆ, ಹುರಿದು ಪುಡಿ ಮಾಡಿಕೊಡುವ ಕಾಫಿ ಎಲ್ಲ ಸಿಗುತ್ತದೆ. ಭಾವುದಾಜಿ ರಸ್ತೆಯಲ್ಲಿ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇದೆ. ದಕ್ಷಿಣದವರು ಬಂದು ನೆಲೆ ನಿಂತ ಬಡಾವಣೆ ಇದು, ಹಿರಿಯರಿಗೆ ಪರಸ್ಥಳ ಅನಿಸುವುದಿಲ್ಲ.

ಓಡಾಟ ಹೇಗೆ ಅಂದರೆ, ಮಾಟುಂಗದಲ್ಲಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತಾ ಹೋಗುವ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ಫಾಸ್ಟ್ ಬೇಕಾದರೆ ದಾದರ್‌ಗೆ ಬರಬೇಕು. ಮಕ್ಕಳಿದ್ದರೆ ಸ್ಲೋ ಗಾಡಿಯೇ ಒಳ್ಳೆಯದು. ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ದಕ್ಷಿಣಕ್ಕೆ ಹೋಗುವ ಗಾಡಿ ಹತ್ತಲೇಬೇಡಿ. ಆರಾಮಾಗಿ ತಿಂಡಿ ತಿಂದು ಹನ್ನೊಂದರ ಮೇಲೆ ಹೊರಡಿ. ವಾಪಸು ಬರುವಾಗ ಸಿಎಸ್‌ಎಂಟಿಯಲ್ಲೇ ಗಾಡಿ ಹೊರಡುವುದರಿಂದ ಕೂರಲು ಸೀಟು ಸಿಗುತ್ತದೆ. ಐದಕ್ಕೆ ಮುಂಚೆ ಹತ್ತಿ, ಇಲ್ಲವೇ ಎಂಟೂವರೆ ದಾಟಲಿ. ಕುರ್ಲಾ ತನಕ ಮಾತ್ರ ಹೋಗುವ ಸ್ಲೋ ಲೋಕಲ್ ನೋಡಿ ಹತ್ತಿದರೆ ಜನ ಕಡಿಮೆ. ಕಲ್ಯಾಣ್ ಗಾಡಿಗೆ ನುಗ್ಗಿದರೆ ದಾದರ್‌ನಲ್ಲಿ ಇಳಿಯುವುದೇ ಕಷ್ಟ. ಸೆಕೆಂಡ್ ಕ್ಲಾಸ್ ಟಿಕೆಟ್ 5 ರೂಪಾಯಿಯಿಂದ ಶುರು. ಭಾನುವಾರ ಹಗಲು ರಿಪೇರಿಗೆ ಅಂತ ‘ಮೆಗಾ ಬ್ಲಾಕ್’ ಮಾಡುತ್ತಾರೆ. ಆವತ್ತು ದೂರದ ಯೋಜನೆ ಇಟ್ಟುಕೊಳ್ಳಬೇಡಿ.

ಸಮುದ್ರದ ನಡುವಿನ ಎಲಿಫೆಂಟಾ ಗುಹೆಗಳು ನಮಗೆ ಆಗಲಿಲ್ಲ. ಬೋಟಿನಲ್ಲಿ ಒಂದು ಗಂಟೆ, ಆಮೇಲೆ ಸುಮಾರು 120 ಮೆಟ್ಟಿಲು. ಸೋಮವಾರ ಗುಹೆಗಳಿಗೆ ರಜೆ. ಅದರ ಬದಲು ಬೈಕುಲ್ಲಾದ ಮೃಗಾಲಯ ರಾಣಿ ಬಾಗ್‌ಗೆ ಹೋದೆವು. ಅದೇ ಸೆಂಟ್ರಲ್ ಲೈನಿನಲ್ಲಿ ಇಳಿದು ನಡೆಯುವ ದೂರ. ಮಗಳು ಪೆಂಗ್ವಿನ್ ಮುಂದಿನಿಂದ ಕದಲಲಿಲ್ಲ. ಬುಧವಾರ ಬಂದ್.

ಮಳೆಗಾಲದಲ್ಲಿ ಮಾತ್ರ ನನ್ನ ಈ ಸಲಹೆ ಹಿಡಿಯಬೇಡಿ. ಜೋರು ಮಳೆ ಬಂದರೆ ದಾದರ್‌ನ ಹಿಂದಮಾತಾ, ಮಾಟುಂಗದ ಕಿಂಗ್ಸ್ ಸರ್ಕಲ್ ಎರಡೂ ಕಡೆ ನೀರು ನಿಲ್ಲುತ್ತದೆ, ಲೋಕಲ್ ಕೂಡ ನಿಂತುಹೋಗಬಹುದು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಡಿಸೆಂಬರ್ ಕೊನೆಯ ವಾರ ಬಾಡಿಗೆ ಏರುತ್ತದೆ. ಶಾಲೆಯ ರಜೆ ಬೇಗ ಸಿಕ್ಕರೆ ಬೇಗ ಹೋಗಿ. ರೂಮು ಬಿಡುವ ದಿನ ರಾತ್ರಿ ಗಾಡಿ ಇದ್ದರೆ ಲಗೇಜು ಹೋಟೆಲಿನಲ್ಲೇ ಇಡಿ, ನಮ್ಮ ಹೋಟೆಲಿನವರು ಅದಕ್ಕೆ ದುಡ್ಡು ಕೇಳಲಿಲ್ಲ. ಮಾಟುಂಗದಲ್ಲೇ ರಾತ್ರಿಗೆ ಇಡ್ಲಿ, ಚಟ್ನಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಅರ್ಧ ಗಂಟೆ ಮೊದಲೇ ಹೊರಡಿ. ಹತ್ತಿರದ ಬಾಡಿಗೆ ಅಂದರೆ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಯವರು ಒಂದೇ ಸಲಕ್ಕೆ ಒಪ್ಪುವುದಿಲ್ಲ.